ವಿಮರ್ಶಾತ್ಮಕ ತಾರ್ಕಿಕ ಪ್ರಶ್ನೆಗಳು

ವಿಮರ್ಶಾತ್ಮಕ ತಾರ್ಕಿಕ ಪ್ರಶ್ನೆಗಳು ಎಂದರೆ ಕಾನೂನು, ನಿರ್ವಹಣಾಶಾಸ್ತ್ರ ಮೊದಲಾದ ಕೋರ್ಸುಗಳ ಪ್ರವೇಶ ಪರೀಕ್ಷೆಗಳಲ್ಲಿ ಒಂದು ವಾದವನ್ನು ಓದಲು ಕೊಟ್ಟು, ಆ ವಾದವು ಯಾವುದರ ಮೇಲೆ ನಿಂತಿದೆ, ಯಾವುದರಿಂದ ಬಲಗೊಳ್ಳುತ್ತದೆ ಅಥವಾ ಸಡಿಲಗೊಳ್ಳುತ್ತದೆ ಎಂದು ಕೇಳುವ ಬಹು ಆಯ್ಕೆಯ ಪ್ರಶ್ನೆಗಳು. ಕ್ರಿಟಿಕಲ್ ರೀಸನಿಂಗ್ ಅಥವಾ ಲಾಜಿಕಲ್ ರೀಸನಿಂಗ್ ಎಂಬ ಹೆಸರುಗಳಲ್ಲಿ ಇವು ಪರಿಚಿತವಾಗಿವೆ. ಸಂಖ್ಯಾಸರಣಿ, ರಕ್ತಸಂಬಂಧ, ದಿಕ್ಕು ಪತ್ತೆ ಮುಂತಾದ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿಗಿಂತ ಇವು ಭಿನ್ನವಾಗಿವೆ. ಇಲ್ಲಿ ಸೂತ್ರವಿಲ್ಲ, ಲೆಕ್ಕ ವಿರಳ, ಓದುವಿಕೆಯೇ ಮುಖ್ಯ.

ಈ ಲೇಖನದ ಮಾದರಿ ಪ್ರಶ್ನೆಗಳನ್ನು ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಕೃಷಿ ಹಾಗೂ ಮೀನುಗಾರಿಕೆಯ ಪರಿಸರದಲ್ಲಿ ರಚಿಸಲಾಗಿದೆ. ಅವುಗಳಲ್ಲಿನ ಘಟನೆಗಳು ಮತ್ತು ಪ್ರಮಾಣಗಳು ವಾದದ ಸಲುವಾಗಿ ಕಲ್ಪಿಸಿಕೊಂಡವು. ಪರಿಚಿತ ಪರಿಸರವನ್ನು ಆಯ್ದುಕೊಂಡಿರುವುದು ಸುಲಭವಾಗಲೆಂದಲ್ಲ. ಓದುಗನಿಗೆ ವಿಷಯವು ಚೆನ್ನಾಗಿ ತಿಳಿದಿದ್ದಾಗಲೇ ಈ ಬಗೆಯ ಪ್ರಶ್ನೆಯಲ್ಲಿ ಎಡವುವ ಸಂಭವ ಹೆಚ್ಚು.

ಪರೀಕ್ಷೆಗಳಲ್ಲಿ ಸ್ಥಾನ

ಅಮೆರಿಕದ ಕಾನೂನು ಶಾಲೆಗಳ ಪ್ರವೇಶಕ್ಕಾಗಿ 1948ರಲ್ಲಿ ಆರಂಭವಾದ ಎಲ್‌ಸ್ಯಾಟ್ ಮತ್ತು ನಿರ್ವಹಣಾ ಶಾಲೆಗಳಿಗಾಗಿ 1954ರಲ್ಲಿ ಆರಂಭವಾದ ಜಿಮ್ಯಾಟ್ ಪರೀಕ್ಷೆಗಳು ಈ ಪ್ರಕಾರವನ್ನು ಬೆಳೆಸಿದವು. 2024ರ ಆಗಸ್ಟ್‌ನಿಂದ ಎಲ್‌ಸ್ಯಾಟ್‌ನಲ್ಲಿ ವಿಶ್ಲೇಷಣಾತ್ಮಕ ಒಗಟುಗಳ ವಿಭಾಗವನ್ನು ಕೈಬಿಟ್ಟು, ಅಂಕ ಲೆಕ್ಕಕ್ಕೆ ಬರುವ ತಾರ್ಕಿಕ ವಿಭಾಗಗಳನ್ನು ಎರಡಕ್ಕೆ ಏರಿಸಲಾಗಿದೆ. 2023ರ ನವೆಂಬರ್‌ನಲ್ಲಿ ಜಾರಿಗೆ ಬಂದ ಜಿಮ್ಯಾಟ್‌ನ ಹೊಸ ರೂಪದಲ್ಲಿ ವಾಕ್ಯದೋಷ ತಿದ್ದುವ ಪ್ರಶ್ನೆಗಳು ಇಲ್ಲವಾಗಿ, ಭಾಷಾ ವಿಭಾಗದ 23 ಪ್ರಶ್ನೆಗಳೂ ವಾಚನ ಗ್ರಹಿಕೆ ಮತ್ತು ವಿಮರ್ಶಾತ್ಮಕ ತರ್ಕಕ್ಕೆ ಮೀಸಲಾಗಿವೆ. ಅವಧಿ 45 ನಿಮಿಷ.

ಕರ್ನಾಟಕದ ವಿದ್ಯಾರ್ಥಿಗಳು ಈ ಪ್ರಕಾರವನ್ನು ಎದುರಿಸುವುದು ಹೆಚ್ಚಾಗಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ನಲ್ಲಿ. 2008ರಲ್ಲಿ ಮೊದಲ ಬಾರಿ ನಡೆದ ಈ ಪರೀಕ್ಷೆಯು 2020ರಲ್ಲಿ ಸ್ವರೂಪ ಬದಲಿಸಿ, ಗದ್ಯಭಾಗವನ್ನು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಪದ್ಧತಿಗೆ ಹೊರಳಿತು. 2024ನೇ ಸಾಲಿನ ಪ್ರವೇಶದಿಂದ ಪದವಿ ಮಟ್ಟದ ಪತ್ರಿಕೆಯಲ್ಲಿ 120 ಪ್ರಶ್ನೆಗಳಿದ್ದು, 120 ನಿಮಿಷಗಳ ಅವಧಿಯಿದೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯಲಾಗುತ್ತದೆ. ತಾರ್ಕಿಕ ವಿಭಾಗದ ಪಾಲು 22ರಿಂದ 26 ಪ್ರಶ್ನೆಗಳು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಕನಿಷ್ಠ ಹತ್ತು ವರ್ಷ ಕರ್ನಾಟಕದಲ್ಲಿ ವ್ಯಾಸಂಗ ಮಾಡಿದವರಿಗೆ ಶೇಕಡಾ 25ರಷ್ಟು ಸಮತಲ ಮೀಸಲಾತಿ ನೀಡುತ್ತದೆ. ಕರಾವಳಿಯ ಪದವಿಪೂರ್ವ ಕಾಲೇಜಿನಲ್ಲಿ ಓದಿದ ವಿದ್ಯಾರ್ಥಿಗೂ ಆ ಬಾಗಿಲು ತೆರೆದಿದೆ, ಆದರೆ ಅದನ್ನು ದಾಟುವುದು ಈ ಪತ್ರಿಕೆಯ ಮೂಲಕವೇ. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲೂ ಇದೇ ಜಾತಿಯ ಪ್ರಶ್ನೆಗಳಿರುತ್ತವೆ.

ವಾದದ ಅಂಗಗಳು

ಪ್ರತಿಯೊಂದು ವಾದದಲ್ಲಿ ಆಧಾರ ಮತ್ತು ತೀರ್ಮಾನ ಎಂಬ ಎರಡು ಅಂಗಗಳು ಕಾಣಿಸುತ್ತವೆ. ಅವುಗಳ ನಡುವೆ ಕಾಣಿಸದ ಮೂರನೆಯದೊಂದು ಇರುತ್ತದೆ, ಅದೇ ಗೃಹೀತ. ಭಾರತೀಯ ನ್ಯಾಯಶಾಸ್ತ್ರವು ಇದನ್ನು ಬೇರೆ ಮಾತುಗಳಲ್ಲಿ ಚರ್ಚಿಸಿದೆ. ಬೆಟ್ಟದಲ್ಲಿ ಹೊಗೆ ಕಾಣುವುದರಿಂದ ಅಲ್ಲಿ ಬೆಂಕಿಯಿದೆ ಎಂಬ ಪ್ರಸಿದ್ಧ ಅನುಮಾನದಲ್ಲಿ ಹೊಗೆಯು ಹೇತು, ಬೆಂಕಿಯು ಸಾಧ್ಯ, ಹೊಗೆಯಿರುವೆಡೆಯಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ನಿಯಮವು ವ್ಯಾಪ್ತಿ. ಇದನ್ನು ತಿರುಗಿಸಿ ಬೆಂಕಿಯಿರುವೆಡೆಯಲ್ಲೆಲ್ಲ ಹೊಗೆಯಿರುತ್ತದೆ ಎನ್ನಲಾಗದು, ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆ ಎಂಬ ಇನ್ನೊಂದು ಷರತ್ತು ಬೇಕು. ಹೀಗೆ ಮರೆಯಲ್ಲಿ ನಿಂತ ಷರತ್ತನ್ನು ನೈಯಾಯಿಕರು ಉಪಾಧಿ ಎಂದು ಕರೆದರು. ಇಂದಿನ ಪರೀಕ್ಷೆಗಳ ಕಠಿಣ ಪ್ರಶ್ನೆಗಳಲ್ಲಿ ಬಹುಪಾಲು ಈ ಉಪಾಧಿಯನ್ನು ಹುಡುಕುವ ಕೆಲಸವೇ ಆಗಿದೆ.

ಕನ್ನಡದ ಸ್ಪರ್ಧಾತ್ಮಕ ಪರೀಕ್ಷಾ ಪುಸ್ತಕಗಳಲ್ಲಿ ಗೃಹೀತಕ್ಕೆ ‘ಊಹೆ’ ಎಂಬ ಪದವೂ ಬಳಕೆಯಲ್ಲಿದೆ. ಇದು ಅಷ್ಟು ಸಮರ್ಪಕವಲ್ಲ. ಊಹೆ ಎಂದೊಡನೆ ವಿದ್ಯಾರ್ಥಿಯು ವಾದದಿಂದ ಮುಂದೆ ಏನಾಗಬಹುದು ಎಂದು ಯೋಚಿಸತೊಡಗುತ್ತಾನೆ; ಪ್ರಶ್ನೆ ಕೇಳುತ್ತಿರುವುದು ವಾದದ ಹಿಂದೆ ಏನಿದೆ ಎಂಬುದನ್ನು.

ಬೇಕು ಮತ್ತು ಸಾಕು

ಆವಶ್ಯಕ ಷರತ್ತು ಮತ್ತು ಪರ್ಯಾಪ್ತ ಷರತ್ತುಗಳ ಭೇದವನ್ನು ಇಂಗ್ಲಿಷ್ ಪಠ್ಯಗಳು ಪುಟಗಟ್ಟಲೆ ವಿವರಿಸುತ್ತವೆ. ಕನ್ನಡದಲ್ಲಿ ಇದಕ್ಕೆ ದಿನಬಳಕೆಯ ಎರಡು ಮಾತುಗಳಿವೆ: ಬೇಕು ಮತ್ತು ಸಾಕು. ವಾದವು ಯಾವ ಗೃಹೀತವನ್ನು ಅವಲಂಬಿಸಿದೆ ಎಂದು ಕೇಳಿದಾಗ ಹುಡುಕಬೇಕಾದದ್ದು ತೀರ್ಮಾನಕ್ಕೆ ‘ಬೇಕೇ ಬೇಕಾದ’ ಸಂಗತಿಯನ್ನು. ಯಾವ ಹೇಳಿಕೆಯನ್ನು ಸೇರಿಸಿದರೆ ತೀರ್ಮಾನವು ಖಚಿತವಾಗುತ್ತದೆ ಎಂದು ಕೇಳಿದಾಗ ಹುಡುಕಬೇಕಾದದ್ದು ‘ಇಷ್ಟಿದ್ದರೆ ಸಾಕು’ ಎನ್ನಬಹುದಾದುದನ್ನು. ಬೇಕಾದದ್ದು ಸಾಮಾನ್ಯವಾಗಿ ಸಣ್ಣದು, ಮೆದುವಾದ ಮಾತಿನದು. ಸಾಕಾದದ್ದು ದೊಡ್ಡದು, ಖಂಡಿತವಾದ ಮಾತಿನದು. ಮೊದಲ ಬಗೆಯ ಪ್ರಶ್ನೆಗೆ ಎರಡನೆಯ ಬಗೆಯ ಉತ್ತರವನ್ನು ಆರಿಸುವುದು ತೀರ ಸಾಮಾನ್ಯವಾದ ದೋಷ.

ಒಂದು ಮಾದರಿ:

ಬ್ರಹ್ಮಾವರ ತಾಲೂಕಿನ ಕೆಲವು ಗದ್ದೆಗಳಲ್ಲಿ ಯಂತ್ರದಿಂದ ನಾಟಿ ಮಾಡಿದಾಗ ಎಕರೆವಾರು ಭತ್ತದ ಇಳುವರಿ ಕೈನಾಟಿಯ ಗದ್ದೆಗಳಷ್ಟೇ ಬಂದಿತು. ಯಂತ್ರನಾಟಿಯ ಕೂಲಿ ವೆಚ್ಚವು ಕೈನಾಟಿಯ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಕೈನಾಟಿಯಿಂದ ಯಂತ್ರನಾಟಿಗೆ ಬದಲಾಗುವ ಅಲ್ಲಿನ ರೈತನ ಲಾಭ ಹೆಚ್ಚುತ್ತದೆ.

ಈ ವಾದವು ಅವಲಂಬಿಸಿರುವ ಗೃಹೀತ ಯಾವುದು?
ಅ. ನಾಟಿ ಯಂತ್ರವು ತಾಲೂಕಿನ ಎಲ್ಲ ರೈತರಿಗೂ ದೊರೆಯುತ್ತದೆ.
ಆ. ಯಂತ್ರದ ಬಾಡಿಗೆ ಮತ್ತು ಚಾಪೆ ನೇಜಿ ಬೆಳೆಸುವ ಹೆಚ್ಚುವರಿ ಖರ್ಚು ಕೂಲಿಯಲ್ಲಿ ಉಳಿದ ಹಣವನ್ನೆಲ್ಲ ನುಂಗಿಹಾಕುವುದಿಲ್ಲ.
ಇ. ತಾಲೂಕಿನಲ್ಲಿ ಕೈನಾಟಿಗೆ ಕೂಲಿಯಾಳುಗಳ ಕೊರತೆಯಿದೆ.
ಈ. ಸರಿಯಾಗಿ ಬಳಸಿದರೆ ಯಂತ್ರನಾಟಿಯು ಕೈನಾಟಿಗಿಂತ ಹೆಚ್ಚು ಇಳುವರಿ ಕೊಡುತ್ತದೆ.

ಗೃಹೀತದ ಪ್ರಶ್ನೆಗಳಲ್ಲಿ ಅಂತಿಮವಾಗಿ ಉಳಿದ ಆಯ್ಕೆಗಳನ್ನು ನಿಷೇಧಿಸಿ ನೋಡುವ ಕ್ರಮವಿದೆ. ಆಯ್ಕೆಯನ್ನು ಸುಳ್ಳೆಂದು ಭಾವಿಸಿದಾಗ ವಾದವು ಕುಸಿದರೆ ಆ ಆಯ್ಕೆ ವಾದಕ್ಕೆ ಬೇಕಾದದ್ದು. ವಾದವು ನಿಂತೇ ಇದ್ದರೆ ಬೇಡವಾದದ್ದು. ‘ಇ’ಯನ್ನು ನಿಷೇಧಿಸೋಣ: ಆಳುಗಳ ಕೊರತೆಯಿಲ್ಲ. ಆದರೂ ಕೂಲಿ ವೆಚ್ಚ ಅರ್ಧಕ್ಕಿಂತ ಕಡಿಮೆ ಎಂಬ ಆಧಾರ ಹಾಗೆಯೇ ಇದೆ, ತೀರ್ಮಾನಕ್ಕೆ ಧಕ್ಕೆಯಿಲ್ಲ. ಗದ್ದೆ ಕೆಲಸಕ್ಕೆ ಆಳು ಸಿಗದಿರುವುದು ಕರಾವಳಿಯ ಪ್ರತಿಯೊಂದು ಮನೆಯಲ್ಲೂ ಕೇಳಿಬರುವ ಮಾತಾದ್ದರಿಂದ ‘ಇ’ ನಿಜವೆನಿಸುತ್ತದೆ. ನಿಜವೆನಿಸುವುದೇ ಅದರ ಆಕರ್ಷಣೆ. ‘ಅ’ವನ್ನು ನಿಷೇಧಿಸಿದರೆ ಕೆಲವರಿಗೆ ಯಂತ್ರ ಸಿಗುವುದಿಲ್ಲ ಎಂದಾಗುತ್ತದೆ, ಆದರೆ ವಾದವು ಬದಲಾಗುವ ರೈತನ ಬಗೆಗೆ ಮಾತ್ರ ಹೇಳುತ್ತಿದೆ. ‘ಈ’ ವಾದಕ್ಕೆ ಬೇಕಾದುದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ, ಇಳುವರಿ ಸಮವಾಗಿದ್ದರೂ ತೀರ್ಮಾನ ನಿಲ್ಲುತ್ತದೆ. ‘ಆ’ವನ್ನು ನಿಷೇಧಿಸಿದರೆ ಉಳಿತಾಯವೇ ಇಲ್ಲವಾಗಿ ವಾದ ಕುಸಿಯುತ್ತದೆ. ಆದ್ದರಿಂದ ಉತ್ತರ ‘ಆ’.

ಒಂದು ವಾದಕ್ಕೆ ಒಂದೇ ಗೃಹೀತ ಇರಬೇಕೆಂದಿಲ್ಲ. ಮೇಲಿನ ವಾದವು ಬೈಹುಲ್ಲಿನ ಪ್ರಮಾಣವೂ ಕಡಿಮೆಯಾಗುವುದಿಲ್ಲವೆಂದು ಅಥವಾ ಕಡಿಮೆಯಾದರೂ ಆ ನಷ್ಟ ಉಳಿತಾಯವನ್ನು ಮೀರುವುದಿಲ್ಲವೆಂದು ಒಪ್ಪಿಕೊಂಡೇ ನಡೆದಿದೆ. ಓದುವಾಗಲೇ ಹುಲ್ಲಿನ ಗೃಹೀತವನ್ನು ಗುರುತಿಸಿದ ವಿದ್ಯಾರ್ಥಿಯು ಅದು ಆಯ್ಕೆಗಳಲ್ಲಿ ಇಲ್ಲದ್ದನ್ನು ಕಂಡು ಗಲಿಬಿಲಿಗೊಳ್ಳಬಾರದು. ಪ್ರಶ್ನಕಾರನು ಅನೇಕ ಗೃಹೀತಗಳಲ್ಲಿ ಒಂದನ್ನು ಮಾತ್ರ ಆಯ್ಕೆಯಲ್ಲಿ ಇಟ್ಟಿರುತ್ತಾನೆ. ನಿಷೇಧಿಸುವಾಗ ಇನ್ನೊಂದು ಎಚ್ಚರವೂ ಬೇಕು. ‘ಎಲ್ಲ’ ಎಂಬುದರ ನಿಷೇಧ ‘ಯಾವುದೂ ಅಲ್ಲ’ ಎಂದಲ್ಲ, ‘ಎಲ್ಲವೂ ಅಲ್ಲ’ ಎಂದು. ‘ಕೆಲವು’ ಎಂಬುದರ ನಿಷೇಧ ‘ಒಂದೂ ಇಲ್ಲ’ ಎಂದು.

ಕಾರಣದ ವಾದಗಳು

ಎರಡು ಸಂಗತಿಗಳು ಒಂದರ ಹಿಂದೆ ಒಂದು ಘಟಿಸಿದ್ದನ್ನು ಕಂಡು ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಹೇಳುವ ವಾದಗಳು ಎಲ್ಲ ಪರೀಕ್ಷೆಗಳಲ್ಲೂ ಬರುತ್ತವೆ. ಇವುಗಳನ್ನು ದುರ್ಬಲಗೊಳಿಸುವ ಮುಖ್ಯ ದಾರಿಗಳು ಕೆಲವೇ: ಬೇರೊಂದು ಕಾರಣವಿರಬಹುದು, ಕಾರಣ ಮತ್ತು ಪರಿಣಾಮ ಅದಲುಬದಲಾಗಿರಬಹುದು, ಕಾರಣವಿದ್ದೂ ಪರಿಣಾಮ ಕಾಣದ ಅಥವಾ ಕಾರಣವಿಲ್ಲದೆಯೂ ಪರಿಣಾಮ ಕಂಡ ಇನ್ನೊಂದು ನಿದರ್ಶನವಿರಬಹುದು.

ಬೈಂದೂರು ತಾಲೂಕಿನ ಒಂದು ಗ್ರಾಮದ ಕಿಂಡಿ ಅಣೆಕಟ್ಟಿಗೆ ಪ್ರತಿವರ್ಷ ಜನವರಿಯಲ್ಲಿ ಹಲಗೆ ಹಾಕಲಾಗುತ್ತಿತ್ತು. ಕಳೆದ ಸಾಲಿನಲ್ಲಿ ಡಿಸೆಂಬರ್ ಮೊದಲ ವಾರದಲ್ಲೇ ಹಾಕಲಾಯಿತು. ಹಿಂದಿನ ಬೇಸಿಗೆಗಳಲ್ಲಿ ಉಪ್ಪಾಗುತ್ತಿದ್ದ ಹೊಳೆದಂಡೆಯ ಬಾವಿಗಳು ಈ ಬಾರಿ ಏಪ್ರಿಲ್‌ನಲ್ಲೂ ಸಿಹಿಯಾಗಿದ್ದವು. ಆದ್ದರಿಂದ ಪ್ರತಿವರ್ಷ ಡಿಸೆಂಬರ್‌ನಲ್ಲೇ ಹಲಗೆ ಹಾಕಿದರೆ ಬಾವಿಗಳು ಉಪ್ಪಾಗುವುದನ್ನು ತಡೆಯಬಹುದು.

ಈ ವಾದವನ್ನು ಹೆಚ್ಚು ದುರ್ಬಲಗೊಳಿಸುವುದು ಯಾವುದು?
ಅ. ಹಲಗೆ ಹಾಕುವ ಕೆಲಸಕ್ಕೆ ಅನುದಾನವು ಸಾಮಾನ್ಯವಾಗಿ ಡಿಸೆಂಬರ್ ಕಳೆದ ಮೇಲೆಯೇ ಬಿಡುಗಡೆಯಾಗುತ್ತದೆ.
ಆ. ಜನವರಿಯಲ್ಲಿ ಹಲಗೆ ಹಾಕಿದ ಪಕ್ಕದ ಗ್ರಾಮದ ದಂಡೆಯ ಬಾವಿಗಳು ಈ ಬೇಸಿಗೆಯಲ್ಲೂ ಉಪ್ಪಾದವು.
ಇ. ಕಳೆದ ಸಾಲಿನಲ್ಲಿ ಹಿಂಗಾರು ಮಳೆ ವಾಡಿಕೆಯ ಎರಡು ಪಟ್ಟು ಸುರಿದು, ಹೊಳೆಯ ಸಿಹಿನೀರಿನ ಹರಿವು ಮಾರ್ಚ್ ಕೊನೆಯವರೆಗೂ ನಿಲ್ಲಲಿಲ್ಲ.
ಈ. ಅಣೆಕಟ್ಟು ಕಟ್ಟುವ ಮೊದಲು ದಂಡೆಯಿಂದ ದೂರದ ಕೆಲವು ಬಾವಿಗಳೂ ಉಪ್ಪಾಗುತ್ತಿದ್ದವು.

ಗ್ರಾಮದ ವ್ಯವಹಾರ ಬಲ್ಲವರಿಗೆ ‘ಅ’ ಹತ್ತಿರದ ಸತ್ಯವಾಗಿ ಕಾಣುತ್ತದೆ. ಹಣವೇ ಬಾರದಿದ್ದರೆ ಹಲಗೆ ಹಾಕುವುದು ಹೇಗೆ? ಆದರೆ ತೀರ್ಮಾನವು ‘ಹಾಕಿದರೆ’ ಎಂದು ಆರಂಭವಾಗಿದೆ. ಹಾಕುವುದು ಸುಲಭವೋ ಕಷ್ಟವೋ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ‘ಆ’ ನಕಾರಾತ್ಮಕ ಧ್ವನಿಯಲ್ಲಿದ್ದರೂ ವಾಸ್ತವವಾಗಿ ವಾದಕ್ಕೆ ಬಲ ಕೊಡುತ್ತದೆ: ತಡವಾಗಿ ಹಲಗೆ ಹಾಕಿದಲ್ಲಿ ನೀರು ಉಪ್ಪಾಯಿತು ಎಂದರೆ ಬೇಗ ಹಾಕಿದ್ದರಿಂದಲೇ ಇಲ್ಲಿ ಉಪ್ಪಾಗಲಿಲ್ಲ ಎಂಬ ನಂಬಿಕೆ ಹೆಚ್ಚುತ್ತದೆ. ಪ್ರಶ್ನೆ ಕೇಳಿದ್ದಕ್ಕೆ ತದ್ವಿರುದ್ಧವಾದ ಕೆಲಸ ಮಾಡುವ ಇಂತಹ ಆಯ್ಕೆಯೊಂದು ಕಠಿಣ ಪ್ರಶ್ನೆಗಳಲ್ಲಿ ಆಗಾಗ ಇರುತ್ತದೆ. ಅವಸರದಲ್ಲಿ ಓದುವವರು ‘ದುರ್ಬಲ’ ಎಂಬ ಪದವನ್ನೇ ಮರೆತು ಅದನ್ನು ಆರಿಸುತ್ತಾರೆ. ‘ಈ’ ವಾದದಲ್ಲಿ ಪ್ರಸ್ತಾಪವಾಗದ ಬಾವಿಗಳ ಹಳೆಯ ಕತೆ. ಉಳಿದ ‘ಇ’ ಬೇರೊಂದು ಕಾರಣವನ್ನು ಮುಂದಿಡುತ್ತದೆ: ಉಪ್ಪುನೀರನ್ನು ತಡೆದದ್ದು ಹಲಗೆಯಲ್ಲ, ಹೊಳೆಯ ಹರಿವು ಆಗಿರಬಹುದು. ‘ಇ’ಯು ವಾದವನ್ನು ಸುಳ್ಳೆಂದು ಸಾಧಿಸುವುದಿಲ್ಲ, ಸಾಧಿಸಬೇಕಾಗಿಯೂ ಇಲ್ಲ. ನಂಬಿಕೆ ಕಡಿಮೆಯಾದರೆ ಸಾಕು.

ತಿಳಿದ ಸಂಗತಿಯ ತೊಡಕು

ಕರಾವಳಿಯಲ್ಲಿ ವಾದಕಲೆಗೆ ದೊಡ್ಡ ಪರಂಪರೆಯಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಪಾತ್ರದ ಪರವಾಗಿ ವಾದ ಹೂಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ರಾಮದಾಸ ಸಾಮಗ ಮೊದಲಾದವರ ಖ್ಯಾತಿ ಈ ಮಾತಿನ ಶಕ್ತಿಯಿಂದಲೇ ಬಂದದ್ದು. ಎದುರಾಳಿಯ ಮಾತಿನಲ್ಲಿ ಅಡಗಿದ ಗೃಹೀತವನ್ನು ಎತ್ತಿ ತೋರಿಸುವುದು ಅಲ್ಲಿನ ಮುಖ್ಯ ಪಟ್ಟು. ಆ ಮಟ್ಟಿಗೆ ಅದು ಈ ಪ್ರಶ್ನೆಗಳಿಗೆ ಹತ್ತಿರವಾದುದು. ಆದರೆ ಅರ್ಥಧಾರಿಯು ಪುರಾಣ, ಲೋಕಾನುಭವ, ನೀತಿಶಾಸ್ತ್ರಗಳಿಂದ ಹೊಸ ಆಧಾರಗಳನ್ನು ತರಬಹುದು, ತಂದಷ್ಟೂ ಮೆಚ್ಚುಗೆ. ಪರೀಕ್ಷೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಕೊಟ್ಟ ಆಧಾರವನ್ನು ಸತ್ಯವೆಂದು ಒಪ್ಪಬೇಕು, ಆಯ್ಕೆಗಳನ್ನೂ ಪ್ರಶ್ನೆಯು ಹಾಗೆ ಸೂಚಿಸಿದಾಗ ಸತ್ಯವೆಂದೇ ಒಪ್ಪಬೇಕು, ತನ್ನ ಕಡೆಯಿಂದ ಏನನ್ನೂ ಸೇರಿಸಬಾರದು.

ಕೊಟ್ಟ ಹೇಳಿಕೆಗಳಿಂದ ಖಚಿತವಾಗಿ ಏನನ್ನು ತಿಳಿಯಬಹುದು ಎಂದು ಕೇಳುವ ಪ್ರಶ್ನೆಗಳಲ್ಲಿ ಈ ನಿಯಮ ಅತ್ಯಂತ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ. ಗಂಗೊಳ್ಳಿ ಬಂದರಿಗೆ ಬಂದ ಒಟ್ಟು ಮೀನಿನಲ್ಲಿ ಬಂಗುಡೆಯ ಪಾಲು ಒಂದು ಋತುವಿನಲ್ಲಿ ಶೇಕಡಾ 20 ಇದ್ದುದು ಮರು ಋತುವಿನಲ್ಲಿ ಶೇಕಡಾ 30 ಆಯಿತು; ಅದೇ ಅವಧಿಯಲ್ಲಿ ಒಟ್ಟು ಮೀನಿನ ತೂಕ ಅರ್ಧಕ್ಕೆ ಇಳಿಯಿತು ಎಂದಿಟ್ಟುಕೊಳ್ಳೋಣ. ಬಂಗುಡೆ ಹೆಚ್ಚು ಸಿಕ್ಕಿತು ಎಂಬ ಆಯ್ಕೆ ಕಣ್ಣಿಗೆ ಬೀಳುತ್ತದೆ. ಮೀನುಗಾರರು ಬಂಗುಡೆಯ ಕಡೆಗೇ ಗಮನ ಹರಿಸಿದರು ಎಂಬ ಆಯ್ಕೆಯು ದೋಣಿಯ ಕಸುಬು ಬಲ್ಲವನಿಗೆ ಸಹಜವೆನಿಸುತ್ತದೆ. ಬಂಗುಡೆಯ ಬೆಲೆ ಇಳಿಯಿತು ಎಂಬುದೂ ಇರಬಹುದು. ಇವು ಯಾವುವೂ ಸಿದ್ಧವಾಗುವುದಿಲ್ಲ. ಮೊದಲ ಋತುವಿನಲ್ಲಿ ಒಟ್ಟು 100 ಟನ್ ಎಂದು ಹಿಡಿದರೆ ಬಂಗುಡೆ 20, ಉಳಿದದ್ದು 80. ಎರಡನೆಯದರಲ್ಲಿ ಒಟ್ಟು 50. ಬಂಗುಡೆ 15, ಉಳಿದದ್ದು 35. ಬಂಗುಡೆಯ ತೂಕ ಇಳಿದಿದೆ, ಇತರ ಮೀನುಗಳ ತೂಕ ಅರ್ಧಕ್ಕಿಂತಲೂ ಹೆಚ್ಚು ಇಳಿದಿದೆ. ಕಠಿಣ ಪ್ರಶ್ನೆಯಲ್ಲಿ ಸರಿಯುತ್ತರವಾಗಿ ಬರುವುದು ಈ ಎರಡನೆಯ ಸಂಗತಿ, ಏಕೆಂದರೆ ಹೇಳಿಕೆಯಲ್ಲಿ ಅದರ ಹೆಸರೇ ಇಲ್ಲ. ಶೇಕಡಾವಾರು ಪಾಲು ಮತ್ತು ವಾಸ್ತವ ಪ್ರಮಾಣಗಳು ಒಂದೇ ವಾದದಲ್ಲಿ ಬಂದಾಗ ಹೀಗೆ 100 ಎಂದು ಹಿಡಿದು ನೋಡುವುದಕ್ಕೆ ಹತ್ತು ಸೆಕೆಂಡು ಸಾಕು.

ವಿರೋಧಾಭಾಸವನ್ನು ಬಿಡಿಸುವ ಪ್ರಶ್ನೆಗಳು ಹೋಲಿಕೆಯಲ್ಲಿ ಸುಲಭ. ಜೂನ್ 1ರಿಂದ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ಬರುವ ಮೀನು ಕಡಿಮೆ, ಆದರೂ ಕೆಲವು ನಾಡದೋಣಿಗಳ ಆದಾಯ ಏರುತ್ತದೆ ಎಂದರೆ ಎರಡೂ ಮಾತುಗಳನ್ನು ಸತ್ಯವಾಗಿ ಉಳಿಸುವ ಮೂರನೆಯ ಸಂಗತಿ ಬೇಕು. ಇಲ್ಲಿ ಅದು ಬೆಲೆ. ಒಂದನ್ನು ಅಲ್ಲಗಳೆಯುವ ಆಯ್ಕೆ ಎಂದಿಗೂ ಉತ್ತರವಲ್ಲ.

ಷರತ್ತಿನ ವಾಕ್ಯಗಳು ಮತ್ತು ಭಾಷೆ

‘ಅಳಿವೆಯಲ್ಲಿ ಅಲೆಯ ಅಬ್ಬರ ತಗ್ಗಿದರೆ ಮಾತ್ರ ದೋಣಿ ಕಡಲಿಗಿಳಿಯುತ್ತದೆ’ ಎಂಬ ವಾಕ್ಯದಿಂದ, ದೋಣಿ ಇಳಿದಿದ್ದರೆ ಅಬ್ಬರ ತಗ್ಗಿದೆ ಎಂದು ತಿಳಿಯಬಹುದು. ಅಬ್ಬರ ತಗ್ಗಿದೆ ಎಂದಾಕ್ಷಣ ದೋಣಿ ಇಳಿದಿದೆ ಎನ್ನಲಾಗದು. ಬಲೆ ಹರಿದಿರಬಹುದು, ಹಬ್ಬವಿರಬಹುದು. ‘ತಗ್ಗಿದರೆ ಸಾಕು, ದೋಣಿ ಇಳಿಯುತ್ತದೆ’ ಎಂದಿದ್ದರೆ ತರ್ಕದ ದಿಕ್ಕು ತಿರುಗುತ್ತದೆ. ಕನ್ನಡದಲ್ಲಿ ‘-ದರೆ ಮಾತ್ರ’ ಮತ್ತು ‘-ದರೆ ಸಾಕು’ ಎಂಬ ಗುರುತುಗಳು ಷರತ್ತಿನ ಬೆನ್ನಿಗೇ ಅಂಟಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ‘ಓನ್ಲಿ’ ಎಂಬ ಪದವು ವಾಕ್ಯದೊಳಗೆ ಸ್ಥಳ ಬದಲಿಸುತ್ತದೆ: ‘ಓನ್ಲಿ ಇಫ್’ ಬೇಕಾದ ಷರತ್ತಿನ ಮುಂದೆ ನಿಂತರೆ, ‘ದ ಓನ್ಲಿ’ ಎಂಬುದು ಸಾಕಾದ ಷರತ್ತಿನ ಮುಂದೆ ನಿಲ್ಲುತ್ತದೆ. ‘ಅನ್‌ಲೆಸ್’ ಬಂದಲ್ಲಿ ‘ಹೊರತು’ ಎಂದು ಓದಿಕೊಂಡರೆ ಅರ್ಥ ಕೆಡುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯು ಇಂತಹ ಏಳೆಂಟು ಸಂಯೋಜಕ ಪದಗಳನ್ನು ಒಮ್ಮೆ ಕನ್ನಡಕ್ಕೆ ಇಳಿಸಿಕೊಂಡು ದಿಕ್ಕು ಗುರುತು ಮಾಡಿಕೊಳ್ಳುವುದು, ಸಾವಿರ ಹೊಸ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚು ಅಂಕ ತರುತ್ತದೆ.

ತರ್ಕವು ಭಾಷಾತೀತವಾದರೂ ಪರೀಕ್ಷೆಗಳು ಹಾಗಿಲ್ಲ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ನಡೆಯುತ್ತ ಬಂದಿದೆ; ಅದನ್ನು ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂದು ಕೋರಿ 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಾಗಿ 2022ರಲ್ಲಿ ಆರಂಭವಾದ ಸಿಯುಇಟಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು.

ಅನುವಾದಿತ ಪತ್ರಿಕೆಯಲ್ಲಿ ಅಪಾಯ ಬೇರೆ ಬಗೆಯದು. ತಾರ್ಕಿಕ ಪ್ರಶ್ನೆಯಲ್ಲಿ ಒಂದು ‘ಮಾತ್ರ’ ಬಿಟ್ಟುಹೋದರೆ ಅಥವಾ ‘ಕೆಲವು’ ಎಂಬುದು ‘ಹಲವು’ ಆದರೆ ಸರಿಯುತ್ತರವೇ ಬದಲಾಗುತ್ತದೆ. ವಿಷಯಜ್ಞಾನದ ಪ್ರಶ್ನೆಯಂತೆ ಸಂದರ್ಭದಿಂದ ಸರಿಪಡಿಸಿಕೊಳ್ಳಲು ಬರುವುದಿಲ್ಲ. ಪ್ರವೇಶ ಪರೀಕ್ಷೆಯಲ್ಲದಿದ್ದರೂ ಇಲ್ಲಿ ನೆನೆಯಬೇಕಾದದ್ದು ಕರ್ನಾಟಕ ಲೋಕಸೇವಾ ಆಯೋಗವು 2024ರ ಆಗಸ್ಟ್ 27ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿ ಪರೀಕ್ಷೆ. ಪ್ರಶ್ನೆಗಳ ಕನ್ನಡ ಅನುವಾದದಲ್ಲಿನ ದೋಷಗಳ ಬಗ್ಗೆ ಅಭ್ಯರ್ಥಿಗಳು ಪ್ರತಿಭಟಿಸಿದ ಬಳಿಕ ಸರ್ಕಾರ ಮರುಪರೀಕ್ಷೆಗೆ ಸೂಚಿಸಿತು, ಮತ್ತು ಆ ವರ್ಷದ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು.